'ಬದುಕು ಸಾಕು ಅನಿಸಿದ್ದುಂಟಾ?' – ಕೇಳಲು ಡಾಕ್ಟರಿಗೂ ತರಬೇತಿ ಬೇಕು

*ನಿದ್ದೆ ಬರುವುದಿಲ್ಲ, ಹೊಟ್ಟೆ ಉರಿ ಎಂದು ಆಸ್ಪತ್ರೆಗೆ ಹೋದ ಕೃಷಿಕನ ಮನಸ್ಸಿನೊಳಗೆ ಏನಿದೆ ಎಂದು ಕೇಳುವವರು ಯಾರು? ಕೇಳುವುದು ಹೇಗೆಂದು ಅವರಿಗೆ ಕಲಿಸುವವರು ಯಾರು? ನಮಗೆ ಸಂಬಂಧವಿಲ್ಲದ ಸಂಗತಿಯಂತೆ ಕಂಡರೂ ನಮ್ಮ ಅಂಗಳದ್ದೇ ವಿಚಾರ.*

ನನ್ನ ಅಕ್ಕನ ಗಂಡ ಸುಳ್ಯದ ಕಡೆಯವರು. 3 ಎಕ್ರೆ ಅಡಿಕೆ ತೋಟ. ಹಳದಿ ರೋಗ ಹೊಕ್ಕ ಮೇಲೆ ಅದು ತೋಟವಾಗಿ ಉಳಿದಿಲ್ಲ. ಮೊದಲು 25 ಕ್ವಿಂಟಾಲ್ ಆಗುತ್ತಿದ್ದಲ್ಲಿ ಈಗ 5 ಕ್ವಿಂಟಾಲಿಗೂ ತತ್ವಾರ. ಸೊಸೈಟಿ ಸಾಲ, ಮಗಳ ಓದು, ಮನೆಯ ಮಾಡು ರಿಪೇರಿ – ಎಲ್ಲಾ ಒಟ್ಟಿಗೇ ಬಂತು. ನಾಲ್ಕು ವರ್ಷ ಹಿಂದಿನ ಮಾತು.

ಆ ಮಳೆಗಾಲದಲ್ಲಿ ಭಾವ ಮೂರು ಸಲ ಡಾಕ್ಟರ ಬಳಿ ಹೋದರು. ಮೊದಲ ಸಲ 'ನಿದ್ದೆ ಇಲ್ಲ' ಎಂದು. ಮಾತ್ರೆ ಸಿಕ್ಕಿತು. ಎರಡನೇ ಸಲ 'ಹೊಟ್ಟೆ ಉರಿ, ಊಟ ಸೇರುವುದಿಲ್ಲ' ಎಂದು. ಗ್ಯಾಸಿನ ಮಾತ್ರೆ, ಟಾನಿಕ್. ಮೂರನೇ ಸಲ ಬೇರೊಂದು ಆಸ್ಪತ್ರೆ. ಡ್ಯೂಟಿಯಲ್ಲಿದ್ದದ್ದು ಚಿಕ್ಕ ಪ್ರಾಯದ ಡಾಕ್ಟ್ರಮ್ಮ. ಬಿ.ಪಿ. ನೋಡಿದರು. ಮತ್ತೆ ಪೆನ್ನು ಕೆಳಗಿಟ್ಟು ತುಳುವಿನಲ್ಲಿಯೇ ಕೇಳಿದರಂತೆ, 'ನಿಮಗೆ ಈಗೀಗ ಬದುಕು ಸಾಕು ಅಂತ ಅನಿಸಿದ್ದುಂಟಾ?'

ಐವತ್ತೆಂಟರ ಭಾವ ಆ ಕುರ್ಚಿಯಲ್ಲಿ ಕೂತು ಮಗುವಿನ ಹಾಗೆ ಅತ್ತರಂತೆ. ಅಕ್ಕನಿಗೂ ಹೇಳದ್ದನ್ನೆಲ್ಲ ಹೇಳಿದರು. ಡಾಕ್ಟ್ರಮ್ಮ ಅಕ್ಕನನ್ನು ಒಳಗೆ ಕರೆಸಿ, ಮನೆಯಲ್ಲಿ ಏನು ಮಾಡಬೇಕೆಂದು ತಿಳಿಸಿ, ಆ ವಾರವೇ ಮನೋವೈದ್ಯರಿಗೆ ತೋರಿಸುವ ಏರ್ಪಾಟು ಮಾಡಿದರು. ಎರಡು ದಿನ ಬಿಟ್ಟು ತಾವೇ ಫೋನ್ ಮಾಡಿ ವಿಚಾರಿಸಿದರು. ಭಾವ ಇಂದಿದ್ದಾರೆ. ಹಳದಿ ರೋಗ ಬಂದ ಜಾಗದಲ್ಲಿ ಕಾಳುಮೆಣಸು, ರಂಬೂಟಾನ್ ಎಂದು ಓಡಾಡುತ್ತಿದ್ದಾರೆ. ಇದನ್ನು ಬರೆಯಲು ಹೇಳಿದ್ದೂ ಅವರೇ – ಹೆಸರೊಂದು ಬೇಡ ಎಂದರು.

ಆಮೇಲೆ ಒಮ್ಮೆ ಸಿಕ್ಕಾಗ ಡಾಕ್ಟ್ರಮ್ಮನಲ್ಲಿ ಕೇಳಿದೆ, 'ಇದನ್ನು ನೀವು ಎಲ್ಲಿ ಕಲಿತದ್ದು?' ಅವರ ಉತ್ತರ: 'ಹೌಸ್ ಸರ್ಜನ್ ಆಗಿದ್ದಾಗ ನಮ್ಮ ಸರ್ ಒಬ್ಬರು ಕೇಳಲೇಬೇಕೆಂದು ಅಭ್ಯಾಸ ಮಾಡಿಸಿದ್ದರು. ಅವರಿಲ್ಲದಿದ್ದರೆ ನಾನೂ ನಿದ್ದೆ ಮಾತ್ರೆ ಬರೆಯುತ್ತಿದ್ದೆನೋ ಏನೋ.'

ಅಂದರೆ ಭಾವ ಉಳಿದದ್ದು ಅದೃಷ್ಟದಿಂದ. ಯಾರೋ ಒಬ್ಬ ಮೇಷ್ಟ್ರು ಯಾವುದೋ ವರ್ಷ ಪಾಠ ಮಾಡಿದ್ದರು ಎಂಬ ಅದೃಷ್ಟ. ಜೀವ ಉಳಿಸುವ ಕೆಲಸವನ್ನು ಹೀಗೆ ಅದೃಷ್ಟಕ್ಕೆ ಬಿಡಬಹುದೇ?

ಚೂರಿ ಅದ್ದಿ ನೋಡುವಷ್ಟೇ ಕೆಲಸ

ನಾವು ಬೋರ್ಡೋ ದ್ರಾವಣ ಮಾಡುತ್ತೇವೆ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಮಾಡಿದ ಮೇಲೆ ತಿಕ್ಕಿ ತೊಳೆದ ಚೂರಿಯನ್ನು ಅದ್ದಿ ನೋಡುತ್ತೇವೆ. ಅಲಗು ಕೆಂಪಾದರೆ ಹದ ಸರಿ ಇಲ್ಲ, ಸುಣ್ಣ ಇನ್ನೂ ಬೇಕು. ಒಂದು ನಿಮಿಷದ ಕೆಲಸ. ಅದನ್ನು ಬಿಟ್ಟರೆ ಇಡೀ ಗೊನೆ ಸುಡುವ ಅಪಾಯ ಉಂಟು.

ಬದುಕು ಸಾಕೆನಿಸಿದೆಯೇ ಎಂದು ಕೇಳುವುದೂ ಇಂತಹದೇ ಪರೀಕ್ಷೆ. ಆದರೆ ಹೆಚ್ಚಿನವರು ಕೇಳುವುದಿಲ್ಲ. 'ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗಾದೀತು' ಎಂಬ ಹೆದರಿಕೆ ಡಾಕ್ಟರುಗಳಲ್ಲೂ ಇದೆ, ನಮ್ಮಲ್ಲೂ ಇದೆ. ಇದು ತಪ್ಪು ತಿಳಿವಳಿಕೆ. ಕೇಳಿದರೆ ಯೋಚನೆ ಹುಟ್ಟುವುದಿಲ್ಲ ಎಂದು ಹಲವು ಅಧ್ಯಯನಗಳು ಕಂಡುಕೊಂಡಿವೆ. ಕೇಳಿದಾಗ ಎದೆಯ ಭಾರ ಇಳಿಯುವುದೇ ಹೆಚ್ಚು. ಭಾವ ಹೇಳಿದ್ದೂ ಅದನ್ನೇ, 'ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೆ ಮಾರಾಯ.'

ಇನ್ನೊಂದು ಲೆಕ್ಕ ನೋಡಿ. ಆತ್ಮಹತ್ಯೆ ಮಾಡಿಕೊಂಡವರಲ್ಲಿ ನೂರಕ್ಕೆ ಸುಮಾರು 45 ಮಂದಿ, ಸಾಯುವ ಹಿಂದಿನ ಒಂದು ತಿಂಗಳೊಳಗೆ ಸಾಮಾನ್ಯ ಡಾಕ್ಟರೊಬ್ಬರನ್ನು ಕಂಡಿದ್ದರು ಎಂದು ಪಾಶ್ಚಾತ್ಯ ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿದಾಗ ತಿಳಿದುಬಂತು. ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಂಡವರು ನೂರಕ್ಕೆ ಸುಮಾರು 20 ಮಾತ್ರ. ಬಾಗಿಲವರೆಗೆ ಬಂದವರು ಇಷ್ಟು ಮಂದಿ. ಒಳಗಿದ್ದವರಿಗೆ ಗೊತ್ತಾಗಲಿಲ್ಲ.

ತರಬೇತಿಯಲ್ಲಿ ಏನು ಕಲಿಸುತ್ತಾರೆ?

'ಡಾಕ್ಟರಿಗೆ ತರಬೇತಿಯಾ? ಅವರು ಕಲಿತೇ ಬಂದವರಲ್ಲವೇ?' ಎಂದು ಕೇಳಬಹುದು. ಎಂ.ಬಿ.ಬಿ.ಎಸ್.ನಲ್ಲಿ ಮನೋವೈದ್ಯಕೀಯಕ್ಕೆ ಪ್ರತ್ಯೇಕ ಪರೀಕ್ಷೆ ಇಲ್ಲ. ವಾರ್ಡಿನಲ್ಲಿ ಅದಕ್ಕಿರುವುದು ಕೆಲವೇ ವಾರ. ಪರೀಕ್ಷೆಗೆ ಬಾರದ್ದನ್ನು ಯಾರು ಎಷ್ಟು ಓದುತ್ತಾರೆ ಎಂದು ನಮ್ಮ ಮಕ್ಕಳನ್ನು ನೋಡಿದರೆ ಗೊತ್ತಾಗುತ್ತದೆ.

ಒಳ್ಳೆಯ ತರಬೇತಿಯಲ್ಲಿ ಮುಖ್ಯವಾಗಿ ನಾಲ್ಕು ಸಂಗತಿ ಇರುತ್ತವೆ.

ಒಂದು, ಸುತ್ತು ಬಳಸದೆ, ಗದರದೆ ಕೇಳುವುದು ಹೇಗೆ. 'ಅಂತಹದ್ದೇನೂ ಇಲ್ಲ ಅಲ್ವಾ?' ಎಂದು ಕೇಳಿದರೆ 'ಇಲ್ಲ' ಎಂಬ ಉತ್ತರವೇ ಬರುವುದು.

ಎರಡು, ಅಪಾಯ ಎಷ್ಟೆಂದು ಅಳೆಯುವುದು. ಬರೀ ಬೇಸರವೇ, ಸಾಯುವ ಯೋಚನೆಯೇ, ಮನಸ್ಸು ಗಟ್ಟಿ ಮಾಡಿ ಆಗಿದೆಯೇ, ಹಿಂದೆ ಯತ್ನಿಸಿದ್ದುಂಟೇ? ಒಂದೊಂದಕ್ಕೂ ಮುಂದಿನ ಹೆಜ್ಜೆ ಬೇರೆ.

ಮೂರು, ರೋಗಿಯ ಜತೆ ಕೂತು ಒಂದು ಕಾಗದದಲ್ಲಿ ರಕ್ಷಣೆಯ ಯೋಜನೆ ಬರೆಯುವುದು. ಮನಸ್ಸು ಕೆಡುವ ಸೂಚನೆ ಏನು, ಆಗ ತಾನೇ ಏನು ಮಾಡಬಹುದು, ಯಾರ ಮನೆಗೆ ಹೋಗಬಹುದು, ಯಾರಿಗೆ ಫೋನ್ ಮಾಡಬೇಕು, ಮನೆಯಿಂದ ಯಾವುದನ್ನು ದೂರ ಇಡಬೇಕು – ಇಷ್ಟೇ. ಭಾವನ ಕಿಸೆಯಲ್ಲಿ ಆ ಚೀಟಿ ಮಡಚಿ ಮಡಚಿ ಹರಿದುಹೋಗಿತ್ತು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಬೆನ್ನು ಹತ್ತುವುದು. ಗಿಡ ನೆಟ್ಟು ಬಂದರೆ ಆಗಲಿಲ್ಲ, ನೀರು ಹೋಗಿದೆಯೇ ಎಂದು ನೋಡಬೇಕಲ್ಲ.

ಈ ಬೆನ್ನು ಹತ್ತುವುದರ ಬಲ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ಪ್ರಯೋಗ ಮಾಡಿ 2008ರಲ್ಲಿ ಫಲಿತಾಂಶ ಪ್ರಕಟಿಸಿತು. ನಮ್ಮ ದೇಶದಿಂದ ಚೆನ್ನೈ ಇತ್ತು. ಆತ್ಮಹತ್ಯೆಗೆ ಯತ್ನಿಸಿ ಆಸ್ಪತ್ರೆಗೆ ಬಂದಿದ್ದ 1,867 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿಗೆ ಅದರ ಜತೆ ಮನೆಗೆ ಹೋಗುವ ಮೊದಲು ಒಂದು ಗಂಟೆಯ ಮಾತುಕತೆ. ಮತ್ತೆ 18 ತಿಂಗಳಲ್ಲಿ 9 ಸಲ ಫೋನ್ ಅಥವಾ ಭೇಟಿ. ಕೊನೆಗೆ ನೋಡಿದರೆ ಆತ್ಮಹತ್ಯೆಯಿಂದ ತೀರಿಕೊಂಡವರು ಮೊದಲ ಗುಂಪಿನಲ್ಲಿ ನೂರಕ್ಕೆ 2.2, ಎರಡನೆಯದರಲ್ಲಿ 0.2. ದುಬಾರಿ ಯಂತ್ರವಿಲ್ಲ, ಹೊಸ ಔಷಧವಿಲ್ಲ. ಕೇಳಲು ಕಲಿತವರ ಒಂದು ಗಂಟೆ, ಒಂಬತ್ತು ಸಲದ 'ಹೇಗಿದ್ದೀರಿ?'

ಸೇಬಿನ ನಾಡಿನಲ್ಲಿ ಕಾನೂನೇ ಬಂತು

ಸೇಬು ಬೆಳೆಗೆ ಹೆಸರಾದ ಅಮೆರಿಕದ ವಾಷಿಂಗ್‌ಟನ್ ರಾಜ್ಯದಲ್ಲಿ 2011ರಲ್ಲಿ ಮ್ಯಾಟ್ ಆಡ್ಲರ್ ಎಂಬ ವಕೀಲರು ಆತ್ಮಹತ್ಯೆಯಿಂದ ತೀರಿಕೊಂಡರು. ಮನೋರೋಗಕ್ಕೆ ಚಿಕಿತ್ಸೆ ಕೊಡುವ ಪರವಾನಗಿ ಇದ್ದವರಿಗೂ ಆತ್ಮಹತ್ಯೆ ತಡೆಯುವ ತರಬೇತಿ ಕಡ್ಡಾಯವಲ್ಲ ಎಂಬುದು ಅವರ ಪತ್ನಿ ಜೆನ್ನಿಫರ್ ಸ್ಟೂಬರ್ ಅವರ ಗಮನಕ್ಕೆ ಬಂತು. ಅವರು ವಿಶ್ವವಿದ್ಯಾಲಯದ ಅಧ್ಯಾಪಕಿ. ಸುಮ್ಮನೆ ಕೂರಲಿಲ್ಲ. 2012ರಲ್ಲಿ ಅಲ್ಲಿನ ಶಾಸನಸಭೆ ಗಂಡನ ಹೆಸರಿನಲ್ಲಿಯೇ ಕಾಯಿದೆ ಮಾಡಿತು. ಮನಶ್ಶಾಸ್ತ್ರಜ್ಞರು, ಆಪ್ತ ಸಲಹೆಗಾರರು, ಸಮಾಜ ಕಾರ್ಯಕರ್ತರು ಮೊದಲಾದವರು 6 ವರ್ಷಕ್ಕೊಮ್ಮೆ 6 ಗಂಟೆಯ ತರಬೇತಿ ಪಡೆಯಲೇಬೇಕು. 2014ರಿಂದ ಇದು ಜಾರಿ. ಅಮೆರಿಕದಲ್ಲಿ ಇಂತಹ ಕಾನೂನು ಇದೇ ಮೊದಲು. ಮುಂದಿನ ವರ್ಷಗಳಲ್ಲಿ ಡಾಕ್ಟರು, ನರ್ಸು, ಔಷಧಿ ಅಂಗಡಿಯವರನ್ನೂ ಸೇರಿಸಿದರು.

'ಒಮ್ಮೆ ಕಲಿತರೆ ಸಾಕಲ್ಲವೇ, ಮತ್ತೆ ಮತ್ತೆ ಯಾಕೆ?' ಇದಕ್ಕೆ ಉತ್ತರ ಸ್ವೀಡನ್ನಿನ ಗೋಟ್‌ಲ್ಯಾಂಡ್ ಎಂಬ ದ್ವೀಪದಲ್ಲಿದೆ. 1983–84ರಲ್ಲಿ ಅಲ್ಲಿನ ಸಾಮಾನ್ಯ ಡಾಕ್ಟರುಗಳಿಗೆಲ್ಲ ಖಿನ್ನತೆಯನ್ನು ಗುರುತಿಸಿ ಚಿಕಿತ್ಸೆ ಕೊಡುವ ತರಬೇತಿ ಕೊಟ್ಟರು. 1985ರಲ್ಲಿ ಆತ್ಮಹತ್ಯೆ ಗಮನಾರ್ಹವಾಗಿ ಇಳಿಯಿತು. ಕಲಿತ ಡಾಕ್ಟರುಗಳಲ್ಲಿ ಹಲವರು ಊರು ಬಿಟ್ಟರು, ತರಬೇತಿ ಮುಂದುವರಿಯಲಿಲ್ಲ. 1988ರ ಹೊತ್ತಿಗೆ ಸಂಖ್ಯೆ ಹೆಚ್ಚುಕಡಿಮೆ ಹಳೆಯ ಮಟ್ಟಕ್ಕೇ ಬಂತು. ಕೊಳೆರೋಗಕ್ಕೆ ಮೊದಲ ಮದ್ದು ಬಿಟ್ಟು ಎರಡನೆಯದನ್ನು ಮರೆತ ಹಾಗೆ!

ಗೋಟ್‌ಲ್ಯಾಂಡಿನ ಇನ್ನೊಂದು ಪಾಠ ನಮಗೆ ಹೇಳಿ ಬರೆದಂತಿದೆ. ಅಲ್ಲಿ ಇಳಿದದ್ದು ಮುಖ್ಯವಾಗಿ ಹೆಂಗಸರ ಆತ್ಮಹತ್ಯೆ. ಗಂಡಸರದ್ದು ಹೆಚ್ಚೇನೂ ಇಳಿಯಲಿಲ್ಲ. ಮನಸ್ಸಿನ ತೊಂದರೆ ಎಂದು ಗಂಡಸರು ಡಾಕ್ಟರ ಬಳಿ ಹೋಗುವುದೇ ಕಡಿಮೆ. ನಮ್ಮಲ್ಲೂ ಅಷ್ಟೇ. ಕಾಲು ಜಾರಿ ಬಿದ್ದರೆ ಹೋಗುತ್ತೇವೆ, ಮನಸ್ಸು ಜಾರಿದರೆ ಇಲ್ಲ.

ನಮ್ಮಲ್ಲಿ ಏನುಂಟು?

ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದ ರಾಜ್ಯವಲ್ಲ. ಸಾಮಾನ್ಯ ಡಾಕ್ಟರಿಗೆ ಮನೋರೋಗದ ತರಬೇತಿ ಕೊಟ್ಟು ಹಳ್ಳಿಯಲ್ಲೇ ಚಿಕಿತ್ಸೆ ಸಿಗುವಂತೆ ಮಾಡಬಹುದು ಎಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1970ರ ದಶಕದಲ್ಲೇ ಸಕಲವಾರದಲ್ಲಿ ತೋರಿಸಿತ್ತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನೇ ದೊಡ್ಡದಾಗಿ ಮಾಡಿದರು. 'ಬಳ್ಳಾರಿ ಮಾದರಿ' ಎಂದೇ ಹೆಸರಾಯಿತು. 1996ರಲ್ಲಿ ಕೇಂದ್ರ ಸರಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿದ್ದು ಈ ಮಾದರಿಯ ಮೇಲೆಯೇ.

ಕಾನೂನೂ ಉಂಟು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಆತ್ಮಹತ್ಯೆ ಕಡಿಮೆ ಮಾಡಲು ಕಾರ್ಯಕ್ರಮ ಹಾಕಿಕೊಳ್ಳುವುದು ಸರಕಾರದ ಕರ್ತವ್ಯ ಎಂದು ಅದು ಹೇಳುತ್ತದೆ. ಸರಕಾರಿ ಆಸ್ಪತ್ರೆಯ ಎಲ್ಲ ವೈದ್ಯಾಧಿಕಾರಿಗಳಿಗೆ ತುರ್ತು ಮಾನಸಿಕ ಆರೈಕೆಯ ಮೂಲ ತರಬೇತಿ ಕೊಡಲೇಬೇಕು ಎಂದೂ ಇದೆ. 2022ರ ನವೆಂಬರಿನಲ್ಲಿ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯನೀತಿ ಹೊರಬಂತು. 2030ರೊಳಗೆ ಆತ್ಮಹತ್ಯೆಯಿಂದಾಗುವ ಸಾವನ್ನು ಶೇಕಡಾ 10ರಷ್ಟು ಇಳಿಸುವುದು ಅದರ ಗುರಿ.

ಹಾಗಾದರೆ ಕೊರತೆ ಎಲ್ಲಿ? ಕಾಯಿದೆಯ ಮಾತು ಸರಕಾರಿ ಡಾಕ್ಟರಿಗೆ. ನಮ್ಮಲ್ಲಿ ಹೆಚ್ಚಿನವರು ಮೊದಲು ಹೋಗುವುದು ಪೇಟೆಯ ಖಾಸಗಿ ಕ್ಲಿನಿಕ್ಕಿಗೆ. ಅವರಿಗೂ ಅನ್ವಯವಾಗುವ ಒಂದು ದಾರಿ ಈಗಾಗಲೇ ಇದೆ. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಡಾಕ್ಟರುಗಳು 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಅದಕ್ಕೆ 30 ಗಂಟೆಯ ಮುಂದುವರಿದ ಕಲಿಕೆ ತೋರಿಸಬೇಕು. ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿದ ಮನಶ್ಶಾಸ್ತ್ರಜ್ಞರಿಗೂ ಇಂತಹದೇ ನಿಯಮ. ಆದರೆ ಇದರಲ್ಲಿ ಇಂತಿಷ್ಟು ಗಂಟೆ ಆತ್ಮಹತ್ಯೆ ತಡೆಗೇ ಎಂದು ತೆಗೆದಿಟ್ಟಿಲ್ಲ. 30ರಲ್ಲಿ ಬರೀ 3 ಗಂಟೆ ಇದಕ್ಕೆ ಕಡ್ಡಾಯ ಮಾಡಲಿ. ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ಹಳೆಯ ಅಳತೆಗೋಲಿನಲ್ಲಿ ಒಂದು ಗೆರೆ ಎಳೆದರೆ ಆಯಿತು.

'ಆಪ್ತ ಸಲಹೆಗಾರ' ಎಂದು ಬೋರ್ಡು ಹಾಕಿಕೊಂಡವರ ವಿಷಯ ಬೇರೆ. ಅವರಲ್ಲಿ ಹೋಗುವ ಮೊದಲು 'ಎಲ್ಲಿ ಕಲಿತದ್ದು, ಯಾವ ಪರಿಷತ್ತಿನ ನೋಂದಣಿ ಉಂಟು?' ಎಂದು ಕೇಳುವುದರಲ್ಲಿ ತಪ್ಪಿಲ್ಲ. ಸಸಿ ಕೊಳ್ಳುವಾಗ ನರ್ಸರಿ ಯಾವುದೆಂದು ಕೇಳುತ್ತೇವಲ್ಲ.

ಮದ್ದಿನ ಅಂಗಡಿಯವರಿಗೂ ಒಂದು ಪಾಠ

ನಮ್ಮ ಕಡೆ ಜ್ವರಕ್ಕೆ ಕೊಡುವುದೂ 'ಮದ್ದು', ತೋಟಕ್ಕೆ ಬಿಡುವುದೂ 'ಮದ್ದು'. ಈ ಎರಡನೇ ಮದ್ದು ಮಾರುವವರಿಗೆ ತರಬೇತಿ ಪದ್ಧತಿ ಬಂದು ಎಷ್ಟೋ ಕಾಲವಾಯಿತು. ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ಆರಂಭಿಸಿದ 'ದೇಸಿ' ಡಿಪ್ಲೊಮಾ 48 ವಾರದ್ದು, ವಾರಕ್ಕೊಂದು ದಿನ ತರಗತಿ. ಮಣ್ಣು, ಗೊಬ್ಬರ, ಕೀಟ, ಕಾನೂನು ಎಲ್ಲ ಕಲಿಸುತ್ತಾರೆ. ಆ 48 ದಿನದಲ್ಲಿ ಅರ್ಧ ದಿನ ಇದಕ್ಕೆ ಕೊಟ್ಟರೆ? ಮುಖ ಬಾಡಿದ ಗಿರಾಕಿ ಹೊತ್ತಲ್ಲದ ಹೊತ್ತಿನಲ್ಲಿ ಬಂದರೆ 'ಯಾವ ಬೆಳೆಗೆ, ಯಾವ ರೋಗಕ್ಕೆ?' ಎಂದು ನಾಲ್ಕು ಮಾತು ಆಡಿಸುವುದನ್ನು, ಮನೆಯವರಿಗೆ ಫೋನ್ ಮಾಡುವುದನ್ನು ಕಲಿಸಬಹುದು. ಸೊಸೈಟಿಯ ಸಿಬ್ಬಂದಿಗೂ ಇದು ಬೇಕು. ಕಂತು ತಪ್ಪಿದವನ ಮುಖ ಮೊದಲು ಕಾಣುವುದು ಅವರಿಗೆ.

ಮನೆಯಲ್ಲಿ ವಿಷವನ್ನು ಬೀಗ ಹಾಕಿ ಇಟ್ಟರೆ ಸಾಲದೇ? ಮಕ್ಕಳ ಕೈಗೆ ಸಿಗದಿರಲು ಬೀಗ ಬೇಕೇ ಬೇಕು. ಆದರೆ ಶ್ರೀಲಂಕಾದ ಹಳ್ಳಿಗಳಲ್ಲಿ ಮನೆಮನೆಗೆ ಬೀಗದ ಪೆಟ್ಟಿಗೆ ಹಂಚಿ ನೋಡಿದ ದೊಡ್ಡ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಪೆಟ್ಟಿಗೆಯಿಂದ ವ್ಯತ್ಯಾಸ ಕಾಣಲಿಲ್ಲ. ಕೀಲಿಕೈ ಮನೆಯಲ್ಲೇ ಇರುತ್ತದಲ್ಲ! ಅದೇ ದೇಶ 1995ರಿಂದ ಒಂದೊಂದಾಗಿ ತೀವ್ರ ವಿಷದ ಕೀಟನಾಶಕಗಳನ್ನೇ ನಿಷೇಧಿಸುತ್ತ ಬಂತು. ಮುಂದಿನ ಎರಡು ದಶಕಗಳಲ್ಲಿ ಆತ್ಮಹತ್ಯೆಯ ದರ ಶೇಕಡಾ 70ರಷ್ಟು ಇಳಿಯಿತು. ಇದರಿಂದ ಬೆಳೆಯ ಇಳುವರಿ ಕುಸಿದದ್ದೂ ಕಾಣಲಿಲ್ಲ. ನಮಗಿರುವ ಪಾಠ ಸರಳ. ಬೇಕಾದಾಗ ಬೇಕಾದಷ್ಟೇ ತನ್ನಿ. ಉಳಿಸಿ ದಾಸ್ತಾನು ಮಾಡಬೇಡಿ. ಮನೆಯಲ್ಲಿ ಯಾರದಾದರೂ ಮನಸ್ಸು ಸರಿ ಇಲ್ಲದಿದ್ದರೆ ಇದ್ದದ್ದನ್ನೂ ಬೇರೆಯವರ ಸುಪರ್ದಿಗೆ ದಾಟಿಸಿ.

ತರಬೇತಿಯೊಂದೇ ಮದ್ದಲ್ಲ

2022ರಲ್ಲಿ ದೇಶದಲ್ಲಿ ಕೃಷಿಕರು ಮತ್ತು ಕೃಷಿ ಕೂಲಿಕಾರರು ಸೇರಿ 11,290 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು. ಇದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕ. ಮಹಾರಾಷ್ಟ್ರ ಬಿಟ್ಟರೆ ಕರ್ನಾಟಕದ್ದೇ ಹೆಚ್ಚು. ಹಳದಿ ರೋಗಕ್ಕೆ ಪರಿಹಾರ ಸಿಗದೆ, ಬೆಲೆ ನಿಲ್ಲದೆ, ಸಾಲದ ಬಡ್ಡಿ ಕರಗದೆ ಬರೀ ಡಾಕ್ಟರಿಗೆ ಪಾಠ ಮಾಡಿದರೆ ಏನಾಯಿತು ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯೇ. 2002ರಲ್ಲಿ ಡಾ. ಜಿ. ಕೆ. ವೀರೇಶ್ ಸಮಿತಿ ರಾಜ್ಯದ ರೈತರ ಆತ್ಮಹತ್ಯೆಗಳ ಬಗ್ಗೆ ವರದಿ ಕೊಟ್ಟ ನಂತರ ಸಾಲವೋ, ಕುಡಿತವೋ, ಮನೆ ಜಗಳವೋ ಎಂಬ ಚರ್ಚೆ ಸಾಕಷ್ಟು ನಡೆದಿದೆ. ಕಾರಣ ಒಂದೇ ಇರುವುದು ಅಪರೂಪ. ಆದರೆ ಒಂದು ಮಾತು. ತೋಟ ಸರಿಯಾಗಲು ವರ್ಷಗಳು ಬೇಕು. ಆ ವರ್ಷಗಳನ್ನು ಕಾಣಲು ತೋಟದ ಯಜಮಾನ ಇರಬೇಕು. ಭಾವನ ಸಾಲ ಇನ್ನೂ ತೀರಿಲ್ಲ. ತೀರಿಸಲು ಅವರಿದ್ದಾರೆ.

ಮುಂದಿನ ಸೊಸೈಟಿ ಮಹಾಸಭೆಯಲ್ಲಿ, ಗ್ರಾಮಸಭೆಯಲ್ಲಿ ಇದನ್ನೊಂದು ವಿಷಯವಾಗಿ ಎತ್ತಬಾರದೇಕೆ? 'ನಮ್ಮ ಆಸ್ಪತ್ರೆಯ ಡಾಕ್ಟರು, ನರ್ಸು, ಆಶಾ ಕಾರ್ಯಕರ್ತೆಯರಿಗೆ ಈ ತರಬೇತಿ ಆಗಿದೆಯೇ? ಯಾವಾಗ ಆದದ್ದು?' ಎಂದು ಆರೋಗ್ಯ ಇಲಾಖೆಯವರನ್ನು ಕೇಳೋಣ. ಕೇಳುವವರಿದ್ದರೆ ಕೊಡುವವರೂ ಎಚ್ಚರಾಗುತ್ತಾರೆ.

ಕೊನೆಗೆ ನಾವು ನಾವು ಮಾಡಬಹುದಾದದ್ದು. ನೆರೆಮನೆಯವ ನಾಲ್ಕು ದಿನದಿಂದ ತೋಟಕ್ಕೆ ಇಳಿದಿಲ್ಲ, ಮದುವೆ ಮನೆಗೂ ಬಂದಿಲ್ಲ ಎಂದಾದರೆ ಒಂದು ಗಳಿಗೆ ಹೋಗಿ ಕೂತು ಕೇಳಿ. ಉಪದೇಶ ಬೇಡ. 'ಎಲ್ಲ ಸರಿಯಾಗ್ತದೆ ಮಾರಾಯ' ಎಂದು ಎದ್ದು ಬರುವುದೂ ಬೇಡ. ಕೇಳಿ, ಕೂತಿರಿ, ಡಾಕ್ಟರ ಬಳಿಗೆ ಜತೆಯಲ್ಲಿ ಹೋಗಿ. ಎರಡು ದಿನ ಬಿಟ್ಟು ಮತ್ತೊಮ್ಮೆ ಹೋಗಿ.

ತಿಳಿದಿರಲಿ

• ಟೆಲಿ ಮಾನಸ್ – 14416. 2022ರ ಅಕ್ಟೋಬರ್ 10ರಂದು ಆರಂಭವಾದ ಸರಕಾರಿ ಸಹಾಯವಾಣಿ. ಹಗಲು ರಾತ್ರಿ ಯಾವಾಗಲೂ ಉಂಟು, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು.

• ಜೀವಕ್ಕೆ ಅಪಾಯ ಎಂದು ಕಂಡರೆ ಒಬ್ಬರನ್ನೇ ಬಿಡಬೇಡಿ. 108ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಿರಿ.

• ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದೆಂದು ಆಶಾ ಕಾರ್ಯಕರ್ತೆಯಲ್ಲಿ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

• 'ಪೊಲೀಸ್ ಕೇಸಾದೀತು' ಎಂದು ಆಸ್ಪತ್ರೆಗೆ ಹೋಗಲು ಹೆದರಬೇಡಿ. 2017ರ ಕಾಯಿದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರಿಗೆ ಆರೈಕೆ ಕೊಡುವುದು ಸರಕಾರದ ಹೊಣೆ. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯೊಂದಿಗೆ ಅದರ 309ನೇ ಸೆಕ್ಷನ್ ಕೂಡ ಹೋಗಿದೆ. ಸರಕಾರಿ ನೌಕರರ ಮೇಲೆ ಒತ್ತಡ ಹೇರಲೆಂದೇ ಮಾಡುವ ಯತ್ನವಷ್ಟೇ ಈಗ ಅಪರಾಧ.